ಒಣ ಹೊಳೆಯ ಜೋಕಾಲಿ

ಮ್ಯಾನೇಜರ್ ಪಾರ್ಕಿನ ನಕ್ಷೆಯ ಕೆಲಸವನ್ನು ಹರಿಣಾಕ್ಷಿಗೆ ಕೊಟ್ಟ ದಿನವೇ ಶಿವಪ್ರಕಾಶನ ಹೊಟ್ಟೆಗೆ ಬೆಂಕಿ ಬಿತ್ತು. ಮಸ್ಕತ್ತಿನ ಆ ಕಚೇರಿಯಲ್ಲಿ ಅವನು ಹಿರಿಯ ಎಂಜಿನಿಯರ್, ಬಾಗಲಕೋಟೆಯವನು, ನೀರಿನ ಲೆಕ್ಕದಲ್ಲಿ ಪಳಗಿದವನು. ಅವಳೋ ಮೊನ್ನೆ ಮೊನ್ನೆ ಉಡುಪಿಯಿಂದ ಬಂದವಳು. ಮನೆ ಸೀಬ್ ಬಡಾವಣೆಯಲ್ಲಿ ಅವನಿದ್ದ ಕಟ್ಟಡದಲ್ಲೇ, ಓಡಾಟ ಅವನದೇ ಕಾರಿನಲ್ಲಿ. ನನ್ನ ಕಾರಿನಲ್ಲಿ ಕೂತು ಬಂದು ನನ್ನ ಕೆಲಸವನ್ನೇ ಹೊಡೆದುಕೊಂಡಳು ಎಂಬುದು ಅವನ ಗೋಳು.

ಒಂದು ದತ್ತಿ ಟ್ರಸ್ಟ್ ಈ ವರ್ಷ ಒಂದೇ ಸಾರ್ವಜನಿಕ ಪಾರ್ಕಿಗೆ ಹಣ ಕೊಡುವುದಿತ್ತು. ಇವರ ಮನೆಗಳ ಹಿಂದಿನ ಬಯಲಿಗೋ, ದೂರದ ಖಸಬ್ ಊರಿಗೋ ಎಂಬುದು ಸಭೆಯಲ್ಲಿ ತೀರ್ಮಾನವಾಗಬೇಕು. ಇಲ್ಲಿನ ಮಕ್ಕಳು ಪಾರ್ಕಿಂಗಿನಲ್ಲಿ, ಕಾರುಗಳ ಸಂದಿಯಲ್ಲಿ ಆಡುತ್ತಿದ್ದವು. ಹೀಗಾಗಿ ಇಡೀ ಕಟ್ಟಡದಲ್ಲಿ ಹರಿಣಾಕ್ಷಿಯದೇ ಜಪ. ಹೆಂಡತಿ ಶುಭಾ ಕೂಡ ರೊಟ್ಟಿ ಬಡಿಸುತ್ತ, "ನಮ್ಮ ಐಶ್ವರ್ಯಾಗ ಜೋಕಾಲಿ ಹಾಕಸ್ತಾರಂತ್ರೀ. ಎಷ್ಟ್ ಶಾಣ್ಯಾ ಹೆಣ್ಮಗಳು!" ಎಂದಳು. ಅವನು ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಎದ್ದ.

ಸಭೆಯ ಹಿಂದಿನ ದಿನ ಹರಿಣಾಕ್ಷಿ ಅವನ ಮೇಜಿನ ಮೇಲೆ ಆ ಬಯಲಿನ ಪಾರ್ಕಿನ ನಕ್ಷೆ ಹರಡಿದಳು.

"ಒಮ್ಮೆ ನೋಡಿ ಮಾರಾಯ್ರೆ. ಎಂತಾದ್ರೂ ತಪ್ಪುಂಟಾ?"

ತಪ್ಪು ಕಣ್ಣಿಗೆ ರಾಚುವಂತಿತ್ತು. ಮರಳು ಮೆತ್ತಗಿದೆ, ಮರಗಳ ನೆರಳಿದೆ ಎಂದು ಅವಳು ಜೋಕಾಲಿ, ಜಾರುಬಂಡಿಗಳನ್ನೆಲ್ಲ ತಗ್ಗಿನಲ್ಲಿಟ್ಟಿದ್ದಳು. ಆ ತಗ್ಗು ವಾದಿಯ ದಾರಿ. ವಾದಿಯೆಂದರೆ ವರ್ಷಗಟ್ಟಲೆ ಒಣಗಿ ಬಿದ್ದು, ದೂರದ ಬೆಟ್ಟದಲ್ಲಿ ಮಳೆಯಾದ ದಿನ ಏಕಾಏಕಿ ನುಗ್ಗುವ ಹೊಳೆ. ತುಂಬಿದ ಹೊಳೆಗಳನ್ನೇ ನೋಡಿ ಬೆಳೆದ ಕರಾವಳಿಯವಳಿಗೆ ಅದು ಬರೀ ಮರಳಾಗಿ ಕಂಡಿತ್ತು.

"ಭಾಳ ಛಲೋ ಐತ್ರಿ. ಒಂದ್ ಗೆರಿನೂ ಬದಲ ಮಾಡಬ್ಯಾಡ್ರಿ," ಎಂದ. ನಾಳೆ ಎಲ್ಲರೆದುರು ಅವಳಿಗೆ ಮಂಗಳಾರತಿ ಎಂದುಕೊಂಡು ಅವತ್ತು ಹೊಟ್ಟೆ ತುಂಬ ಉಂಡ.

ಸಭೆಯಲ್ಲಿ ಅವಳು ಮಾತು ಮುಗಿಸಿದಾಗ ಟ್ರಸ್ಟಿನವರೆಲ್ಲ ತಲೆದೂಗಿದರು. ಆಗ ಶಿವಪ್ರಕಾಶ ಎದ್ದು ನಿಂತು, ಅದು ವಾದಿಯ ದಾರಿ, ನೀರು ಬಂದರೆ ಮಕ್ಕಳು ಕೊಚ್ಚಿಹೋಗುತ್ತಾರೆ ಎಂದು ಇಂಗ್ಲಿಷಿನಲ್ಲಿ ವಿವರಿಸಿದ. ಟ್ರಸ್ಟಿನ ಹಿರಿಯರು ನಕ್ಷೆಯನ್ನು ಮಡಚಿ, "ಖಲಾಸ್," ಎಂದರು. ಹಣ ಖಸಬಿಗೆ ಹೋಯಿತು.

ಅವಳು ಅಳುತ್ತಾಳೆಂದು ಅವನು ಕಾದ. ಅವಳು ತಪ್ಪು ತನ್ನದೇ, ಈಗಲಾದರೂ ತಿಳಿದದ್ದು ಒಳ್ಳೆಯದಾಯಿತು ಎಂದಳು. ಹಿರಿಯರು ಎದೆಯ ಮೇಲೆ ಕೈಯಿಟ್ಟು ಅವಳಿಗೆ ಗೌರವ ತೋರಿದರು. ಇವನ ಕಡೆ ಯಾರೂ ನೋಡಲಿಲ್ಲ. ಗೆದ್ದ ಮೇಲೂ ಹೊಟ್ಟೆಕಿಚ್ಚು ಆರಲಿಲ್ಲ, ಇನ್ನಷ್ಟು ಉರಿಯಿತು.

ವಾಪಸು ಬರುವಾಗ ಕಾರಿನಲ್ಲಿ ಅವಳು ಒಂದೇ ಮಾತು ಕೇಳಿದಳು. "ನಿಮಗೆ ನಿನ್ನೆಯೇ ಗೊತ್ತಿತ್ತಲ್ಲಾ?"

ಅವನು ಎಸಿ ಜೋರು ಮಾಡಿದ.

ಪಾರ್ಕಿಂಗಿನಲ್ಲಿ ಕಾರು ನಿಂತದ್ದೇ ತಡ, ಐಶ್ವರ್ಯಾ ಓಡಿಬಂದಳು. ಅಪ್ಪನನ್ನು ದಾಟಿ ಹೋಗಿ ಹರಿಣಾಕ್ಷಿಯ ಕೈ ಹಿಡಿದುಕೊಂಡಳು. ಅದಕ್ಕೂ ಅವನಿಗೆ ಉರಿಯಿತು.

"ಆಂಟಿ, ನಮ್ಮ ಪಾರ್ಕ್ ಯಾವಾಗ ಸ್ಟಾರ್ಟ್ ಆಗ್ತದ?"

"ಅಪ್ಪನತ್ರ ಕೇಳು ಮಗಾ," ಎಂದಳು ಹರಿಣಾಕ್ಷಿ. "ಅವರಿಗೆ ಎಲ್ಲ ಮೊದಲೇ ಗೊತ್ತಿರ್ತದೆ."

ಐಶ್ವರ್ಯಾ ಅಪ್ಪನ ಕಡೆ ತಿರುಗಿ ನಿಂತಳು.