ಬಿಸಿಯೇ ಗೊತ್ತಾಗದ ಮನೆ

ಬೆಳಿಗ್ಗೆ ಒಂಬತ್ತಕ್ಕೆ ನನ್ನ ಫೋನು ‘ತುಂಬಾ ಬಿಸಿಯಾಗಿದೆ, ತಣ್ಣಗಾಗಲು ಬಿಡಿ’ ಎಂದು ಬರೆದು ಮುಖ ಕಪ್ಪು ಮಾಡಿಕೊಂಡು ಕೂತಿತು. ಅಂಗೈಯಲ್ಲಿಟ್ಟು ನೋಡಿದೆ. ಬಿಸಿಯೇನೂ ಇರಲಿಲ್ಲ. ಬೆನ್ನು ಸವರಿದೆ, ಬೆರಳಿನಿಂದ ಒತ್ತಿದೆ. ಊಹುಂ.

“ರೀ, ಇದನ್ನ ಸ್ವಲ್ಪ ಮುಟ್ಟಿ ನೋಡಿ.”

ನಮ್ಮ ಮನೆಯವರು ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು ಮುಟ್ಟಿದರು. “ಚೆನ್ನಾಗೇ ಇದೆಯಲ್ಲ. ಸುಳ್ಳು ಹೇಳ್ತಿದೆ ಅದು.”

ಅತ್ತೆಗೆ ಕೊಟ್ಟೆ. ಅವರು ಎರಡೂ ಕೈಯಲ್ಲಿ ಹಿಡಿದು, “ಉಗುರುಬೆಚ್ಚಗೂ ಇಲ್ಲ ಕಣೇ. ಸೋಮಾರಿತನ, ಅಷ್ಟೇ. ನಮ್ಮ ದೊರೆ ಹಾಗೆ” ಅಂದರು. ದೊರೆ ಅಂದರೆ ನನ್ನ ಮೈದುನ. ಅದ್ಯಾವುದೋ ಕಚೇರಿಯ ಎದುರು ಕೂತು ಜನರ ಅರ್ಜಿ ತುಂಬಿಸಿಕೊಡುತ್ತಾನೆ. ಇಸ್ತ್ರಿ ಮಾಡುವವರ ಮನೆಯಲ್ಲಿ ಹುಟ್ಟಿ ಒಂದು ಕರವಸ್ತ್ರವನ್ನೂ ಇಸ್ತ್ರಿ ಮಾಡದವನಿಗೆ ಬೇರೆ ಯಾವ ಹೆಸರು ಇಡುವುದು?

ಬೇರೆ ದಿನವಾಗಿದ್ದರೆ ಆ ಫೋನನ್ನು ಅತ್ತ ಎಸೆದು ನನ್ನ ಪಾಡಿಗೆ ಕೆಲಸ ಮಾಡುತ್ತಿದ್ದೆ. ಆದರೆ ಅಂದು ಹನ್ನೊಂದು ಗಂಟೆಗೆ ನನ್ನ ಪರೀಕ್ಷೆ ಇತ್ತು. ನಮ್ಮ ಅಂಗಡಿ ಇರುವ ಕಟ್ಟಡವನ್ನು ಮುಂದಿನ ತಿಂಗಳು ಕೆಡವುತ್ತಾರೆ. ಆಮೇಲೆ ಟೇಬಲ್ ಹಾಕಲು ಜಾಗವಿಲ್ಲ. ದೊಡ್ಡಾಸ್ಪತ್ರೆಯ ಬಟ್ಟೆ ವಿಭಾಗದಲ್ಲಿ ಇಸ್ತ್ರಿಯವರ ಮೇಲ್ವಿಚಾರಕಿ ಬೇಕಾಗಿದ್ದಾರೆ ಎಂದು ತಿಳಿದು ಅರ್ಜಿ ಹಾಕಿದ್ದೆ. ಅವರು ವಿಡಿಯೋದಲ್ಲಿ ನೋಡುತ್ತಾರಂತೆ. ಆರು ನಿಮಿಷದೊಳಗೆ ಒಂದು ಶರ್ಟು ಮುಗಿಸಬೇಕು. ಒಂದೇ ಅವಕಾಶ. ಅರ್ಜಿ ಹಾಕಿದ ಫೋನಿನಲ್ಲಿ ಮಾತ್ರ ಅವರ ಲಿಂಕು ತೆರೆಯುತ್ತದೆ.

ಓಡಿದೆ. ರಸ್ತೆಯ ತಿರುವಿನಲ್ಲಿ ಫೋನು ರಿಪೇರಿ ಮಾಡುವವನು ಅಂಗಡಿಯ ಬಾಗಿಲನ್ನು ಅರ್ಧ ಎತ್ತಿದ್ದ. ಬಗ್ಗಿ ಒಳಗೆ ನುಗ್ಗಿ ಫೋನನ್ನು ಅವನ ಕೈಗಿಟ್ಟೆ.

“ಅಮ್ಮಾ!” ಎಂದು ಕಿರುಚಿ ಅವನು ಅದನ್ನು ಮೇಜಿನ ಮೇಲೆ ಬಿಟ್ಟ. “ಇದನ್ನ ಹೇಗಕ್ಕಾ ಕೈಯಲ್ಲಿ ಹಿಡ್ಕೊಂಡು ಬಂದ್ರಿ?”

“ಯಾಕೆ? ಏನಾಗಿದೆ?”

“ಏನಾಗಿದೆಯಾ? ಕೆನ್ನೆಗೆ ಇಟ್ಕೊಳ್ಳಿ, ಗೊತ್ತಾಗುತ್ತೆ.”

ಇಟ್ಟುಕೊಂಡೆ. ಕುಣಿದೆ. ಇಪ್ಪತ್ತೆರಡು ವರ್ಷದಿಂದ ಕಾದ ಬಟ್ಟೆ ಮಡಚಿ ಮಡಚಿ ನನ್ನ ಬೆರಳಿನ ತುದಿಗಳು ಚಪ್ಪಲಿಯ ಅಟ್ಟೆಯಂತಾಗಿವೆ ಎಂಬುದು ನನಗೆ ಗೊತ್ತೇ ಇದೆ; ಅದರಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ಆದರೆ ಫೋನಿನ ವಿಷಯದಲ್ಲಿ ಅದು ಹೊಳೆದಿರಲಿಲ್ಲ. ಮಾತಾಡುವಾಗ ಟೇಬಲ್ ಮೇಲಿಟ್ಟು ಸ್ಪೀಕರ್ ಹಾಕುವವಳು ನಾನು, ಕೆನ್ನೆಗೆ ತಾಗಿಸಿ ಯಾವ ಕಾಲವಾಯಿತೋ.

“ಎಷ್ಟು ದಿನದಿಂದ ಹೀಗೆ?” ಎಂದು ಕೇಳಿದ.

“ನನಗೇನು ಗೊತ್ತಪ್ಪಾ!”

“ಎಲ್ಲಿಡ್ತೀರಾ ಇದನ್ನ?”

“ಇಸ್ತ್ರಿ ಟೇಬಲ್ ಮೇಲೆ. ಚಾರ್ಜಿಗೆ ಹಾಕಿ.”

ಅವನು ಹಣೆ ಚಚ್ಚಿಕೊಂಡ. ಆಮೇಲೆ ದಪ್ಪನೆಯ ಕವರ್ ಕಿತ್ತು, ಹಿಂಬದಿ ಬಿಚ್ಚಿ ನೋಡಿ, ಬ್ಯಾಟರಿ ಬದಲಿಸಬೇಕು ಅಂದ. ಅವನ ಹತ್ತಿರ ಇಲ್ಲ. ನಾಳೆ ಸಂಜೆ ಬರುತ್ತದೆ.

“ನನಗೆ ಹನ್ನೊಂದಕ್ಕೆ ಬೇಕು! ಆರು ನಿಮಿಷ ಸಾಕು!”

“ಕ್ಯಾಮೆರಾ ಹಾಕಿದ್ರೆ ನಾಲ್ಕೋ ಐದೋ ನಿಮಿಷ ಬಾಳುತ್ತೆ ಅಕ್ಕಾ. ಚಾರ್ಜಿಗೆ ಹಾಕ್ಬೇಡಿ. ಬಿಸಿಲು ಬೇಡ, ಇಸ್ತ್ರಿ ಹತ್ರ ಬೇಡ. ಫ್ರಿಜ್ಜಿನಲ್ಲಿ ಇಡೋ ಬುದ್ಧಿವಂತಿಕೆ ಅಂತೂ ಬೇಡವೇ ಬೇಡ, ಒಳಗೆ ನೀರು ಕಟ್ಟುತ್ತೆ. ಯಾರಾದ್ರೂ ಹಿಡ್ಕೊಂಡು ಗಾಳಿ ಹಾಕ್ತಾ, ಎಷ್ಟು ಕಾದಿದೆ ಅಂತ ಹೇಳ್ತಾ ಇರಲಿ. ಅದಕ್ಕಿಂತ ಹೆಚ್ಚಿಗೆ ನನ್ನನ್ನೇನೂ ಕೇಳ್ಬೇಡಿ.”

ನಮ್ಮ ಅಂಗಡಿಗೆ ವಾಪಸು ಬಂದು ಹೇಳಿದೆ. ಬಿಸಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅತ್ತೆಯ ಕೈ ತಾನಾಗಿ ನೀರಿನ ಬಟ್ಟಲಿಗೆ ಹೋಯಿತು. ಐವತ್ತು ವರ್ಷದ ಅಭ್ಯಾಸ. ಕಾದದ್ದು ಎದುರಿಗಿದ್ದರೆ ಚಿಮುಕಿಸಲೇಬೇಕು. ಬೆರಳು ಅದ್ದಿ ಫೋನಿನ ಮೇಲೆ ಇನ್ನೇನು ಕೊಡವಬೇಕು, ನಮ್ಮ ಮನೆಯವರು ಹಾರಿ ಕೈ ಹಿಡಿದರು.

“ಅಮ್ಮಾ! ಅದು ಧೋತರ ಅಲ್ಲ!”

“ಮತ್ತೆ ತಣ್ಣಗೆ ಮಾಡೋದು ಹೇಗೋ? ಹಾಡು ಹೇಳ್ಲಾ?”

ಅಂಗಡಿಯ ಒಳಗೆ ಕಾವು. ಹಾಗಾಗಿ ಟೇಬಲ್ಲನ್ನು ಎತ್ತಿಕೊಂಡು ಹೋಗಿ ಕಟ್ಟಡದ ಮೆಟ್ಟಿಲ ಕೆಳಗಿನ ನೆರಳಿನಲ್ಲಿ ಹಾಕಿದೆವು. ಉದ್ದದ ವೈರು ಎಳೆದೆವು. ಮೇಲಿನ ಮನೆಗಳವರು ಹತ್ತುವಾಗ, ಇಳಿಯುವಾಗ ನಿಂತು “ಏನು ವಿಶೇಷ?” ಎಂದು ಕೇಳುವವರೇ. ಒಬ್ಬರಂತೂ ಹೇಗೂ ಟೇಬಲ್ ಇಲ್ಲೇ ಇದೆಯಲ್ಲ ಎಂದು ಎರಡು ಪ್ಯಾಂಟು ತಂದುಕೊಟ್ಟರು. ನನಗೆ ಅಳು ಬರುವುದೊಂದು ಬಾಕಿ.

ಹತ್ತೂವರೆಗೆ ಒಂದು ಸಲ ಪ್ರಯೋಗ ಮಾಡಿದೆವು. ನಮ್ಮ ಮನೆಯವರು ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ರಟ್ಟು ಹಿಡಿದು ಬೀಸುತ್ತಾ ನಿಂತರು.

“ಹೇಗಿದೆ?”

“ತಣ್ಣಗಿದೆ.”

ಕಾಲರ್ ಮುಗಿಸಿದೆ. “ಈಗ?”

“ತಣ್ಣಗಿದೆ, ನೀನು ಮಾಡು.”

“ಈಗ?”

“ತಣ್ಣಗೆ… ಅಯ್ಯೋ, ಆಫ್ ಆಯ್ತು.”

“ನಿಮ್ಮ ಕೈಗಿಷ್ಟು!” ಎಂದು ಕೂಗಿದೆ. ಅವರ ತಪ್ಪೇನಿದೆ ಅದರಲ್ಲಿ? ಆ ಕೈಗಳೂ ನನ್ನ ಕೈಗಳಂಥವೇ. ಮೂರು ಜನರ ಮೂವತ್ತು ಬೆರಳಲ್ಲಿ ಬಿಸಿ ತಿಳಿಯುವ ಬೆರಳು ಒಂದೂ ಇಲ್ಲ.

ಅತ್ತೆ ನಿಧಾನಕ್ಕೆ ಅಂದರು: “ದೊರೆಯನ್ನ ಕರೀರಿ.”

ದೊರೆ ಬಂದ. ಹೇಳಿ ಕಳಿಸಿದ ಹತ್ತು ನಿಮಿಷಕ್ಕೇ ಬಂದ, ಅದೇ ಒಂದು ಸೋಜಿಗ. ಕಾಗದ ಬಿಟ್ಟು ಬೇರೇನೂ ಮುಟ್ಟದ ಕೈಗಳು, ಮೆತ್ತಗೆ, ಬೆಳ್ಳಗೆ. ಇದೇ ಕೈಗಳ ಬಗ್ಗೆ ನಾನು ಎಷ್ಟು ಸಲ ಆಡಿಕೊಂಡಿಲ್ಲ! ಫೋನು ಹಿಡಿದವನೇ “ಈಗಲೇ ಬೆಚ್ಚಗಿದೆ ಅತ್ತಿಗೆ” ಅಂದ.

“ನಾಟಕ ಮಾಡ್ಬೇಡ.”

“ನಿಮ್ಮಾಣೆ. ಇಷ್ಟು ವರ್ಷ ನಾನು ಸುಡುತ್ತೆ, ಸುಡುತ್ತೆ ಅಂದಾಗೆಲ್ಲ ಯಾರೂ ನಂಬಲಿಲ್ಲ. ಇವತ್ತಾದ್ರೂ ನಂಬಿ.”

ಹನ್ನೊಂದಕ್ಕೆ ಲಿಂಕು ತೆರೆಯಿತು. ಪರದೆಯಲ್ಲಿ ಕನ್ನಡಕದ ಮೇಡಂ. ನಾನು ಇಸ್ತ್ರಿಪೆಟ್ಟಿಗೆ ಎತ್ತಿದೆ.

“ಇರಿ ಇರಿ. ಮೊದಲು ನಿಮ್ಮ ಪೂರ್ತಿ ಹೆಸರು ಹೇಳಿ.”

ಹೇಳಿದೆ.

“ಗುರುತಿನ ಚೀಟಿ ತೋರಿಸಿ. ಸ್ವಲ್ಪ ಹತ್ತಿರ. ಇನ್ನೂ ಹತ್ತಿರ. ಈಗ ಟೇಬಲ್ಲಿನ ನಾಲ್ಕು ಮೂಲೆ ತೋರಿಸಿ.”

ದೊರೆ ಫೋನು ಹಿಡಿದು ಟೇಬಲ್ಲಿಗೆ ಪ್ರದಕ್ಷಿಣೆ ಹಾಕಿದ. “ಬೆಚ್ಚಗಾಯ್ತು” ಎಂದು ತುಟಿಯಲ್ಲೇ ಅಂದ.

“ಮೇಡಂ, ನಮ್ಮ ಫೋನು ಕಾಯುತ್ತೆ, ಬೇಗ ಶುರು ಮಾಡ್ಲಾ?”

“ಎಲ್ಲಾ ಕ್ರಮದಲ್ಲೇ ಆಗ್ಬೇಕಮ್ಮಾ. ನಿಮ್ಮ ಪಕ್ಕ ಇನ್ನೊಂದು ಕೈ ಕಾಣಿಸ್ತಿದೆ, ಅದು ಯಾರದು?”

“ನಮ್ಮ ಮೈದುನ. ಗಾಳಿ ಹಾಕ್ತಿದ್ದಾನೆ.”

“ನಿಮಗಾ?”

“ಫೋನಿಗೆ!”

ಮೇಡಂ ಅದನ್ನೂ ಬರೆದುಕೊಂಡರು. ಬರೆಯುವಾಗ ಎಷ್ಟು ನಿಧಾನ! ನನಗೆ ಆ ಪೆನ್ನನ್ನೇ ಕಿತ್ತುಕೊಳ್ಳುವಷ್ಟು ಸಿಟ್ಟು. ಇಪ್ಪತ್ತೆರಡು ವರ್ಷದ ಕಸುಬು ತೋರಿಸಲು ಇದ್ದ ಐದು ನಿಮಿಷದಲ್ಲಿ ಎರಡನ್ನು ಅದೇ ತಿಂದುಹಾಕಿತ್ತು. ಉಳಿದದ್ದು ಮೂರು ಇರಬಹುದು.

“ಸರಿ, ಶುರು ಮಾಡಿ.”

ಆರು ನಿಮಿಷದ ಮಾತನ್ನು ಅಲ್ಲೇ ಬಿಟ್ಟೆ. ಫೋನು ಸಾಯುವ ಮೊದಲು ಶರ್ಟು ಮುಗಿಯಬೇಕು, ಅಷ್ಟೇ ಲೆಕ್ಕ. ಕಾಲರ್, ತುದಿಯಿಂದ ಒಳಕ್ಕೆ. ಹೆಗಲು. ಬೆನ್ನು ಒಂದೇ ಎಳೆತಕ್ಕೆ. ಗುಂಡಿಗಳ ನಡುವೆ ಪೆಟ್ಟಿಗೆಯ ಮೂತಿ ತೂರಿಸಿ ತೂರಿಸಿ ತೆಗೆದೆ. ಅತ್ತೆ ಕಲಿಸಿದ ಕ್ರಮದಲ್ಲಿ ತೋಳುಗಳು ಕೊನೆಗೆ. ಮೊದಲೇ ಮಾಡಿದರೆ ಬೆನ್ನಿನ ಹೊತ್ತಿಗೆ ಮತ್ತೆ ಸುಕ್ಕಾಗುತ್ತವೆ.

“ಬಿಸಿ, ಅತ್ತಿಗೆ.”

“ಬೀಸು!”

“ಬೀಸ್ತಿದೀನಿ. ಜೋರು ಬಿಸಿ.”

“ಪರದೆಯ ಬೆಳಕು ತಗ್ಗಿಸು!”

“ತಗ್ಗಿಸಿದೆ. ಸುಡ್ತಿದೆ. ಅಮ್ಮಾ, ಒಂದು ಬಟ್ಟೆ ಕೊಡಮ್ಮಾ, ಕೈ ಸುಡ್ತಿದೆ!”

“ಬಟ್ಟೆ ಸುತ್ತಿದ್ರೆ ಇನ್ನೂ ಕಾಯುತ್ತೆ ಕಣೋ, ತಡ್ಕೋ” ಅಂದರು ಅತ್ತೆ. ಅವನು ತಡೆದುಕೊಂಡ. ಬಲಗೈಯಿಂದ ಎಡಕ್ಕೆ, ಎಡದಿಂದ ಬಲಕ್ಕೆ ಬದಲಿಸುತ್ತಾ, ಕಣ್ಣಲ್ಲಿ ನೀರು ತುಂಬಿಕೊಂಡು, ಕ್ಯಾಮೆರಾ ಮಾತ್ರ ಅಲುಗಾಡದಂತೆ ಹಿಡಿದು ನಿಂತ.

ಬಲತೋಳು ಮುಗಿಯಿತು. ತಿರುಗಿಸಿ ಎಡತೋಳು ಹಾಸಿದೆ, ಹೊಲಿಗೆಗೆ ಹೊಲಿಗೆ ಕೂಡಿಸಿದೆ, ಒಂದು ಸಲ ಎಳೆದೆ, ಕಫ್ ಒತ್ತಿದೆ, ಶರ್ಟನ್ನು ಎರಡು ಕೈಯಲ್ಲಿ ಎತ್ತಿ ಫೋನಿನ ಎದುರು ಹಿಡಿದೆ.

“ನೋಡಿ ಮೇಡಂ!”

ಫೋನು ಕಪ್ಪಾಗಿತ್ತು.

“ಯಾವಾಗ ಹೋಯ್ತೋ?”

“ಈಗಷ್ಟೇ ಅತ್ತಿಗೆ. ಶರ್ಟು ತಿರುಗಿಸಿದ್ರಲ್ಲ, ಆಗ.” ಅವನ ಬೆರಳುಗಳು ಕೆಂಪಾಗಿದ್ದವು. ಅತ್ತೆ ನೀರಿನ ಬಟ್ಟಲನ್ನು ಅವನ ಮುಂದೆ ಇಟ್ಟು ಎರಡೂ ಕೈಗಳನ್ನು ಅದರಲ್ಲಿ ಮುಳುಗಿಸಿದರು.

ನಾನು ಮೆಟ್ಟಿಲ ಮೇಲೆ ಕೂತೆ. ಬೈಯಲೂ ಯಾರೂ ಇರಲಿಲ್ಲ. ಐದು ನಿಮಿಷ ಕಳೆದ ಮೇಲೆ ನಮ್ಮ ಮನೆಯವರ ಗುಂಡಿ ಒತ್ತುವ ಹಳೇ ಫೋನು ಬಡಿದುಕೊಂಡಿತು. ಅರ್ಜಿಯಲ್ಲಿ ಎರಡನೇ ನಂಬರು ಎಂದು ಅದನ್ನೇ ಕೊಟ್ಟಿದ್ದೆ. ಮೇಡಂ.

“ಬಲತೋಳಿನ ತನಕ ನೋಡಿದೆ ಕಣಮ್ಮಾ. ಎಡತೋಳು ಕಾಣಿಸಲಿಲ್ಲ.”

“ಮಾಡಿ ಮುಗಿಸಿದೀನಿ ಮೇಡಂ! ಶರ್ಟು ಇಲ್ಲೇ ನನ್ನ ಕೈಯಲ್ಲೇ ಇದೆ!”

“ಇರಬಹುದು. ನಾನು ನೋಡದೆ ಇರೋದಕ್ಕೆ ಸಹಿ ಹಾಕೋಕಾಗಲ್ಲ. ಆದ್ರೆ ಹೆಗಲು ಅಷ್ಟು ಚೆನ್ನಾಗಿ ಮಾಡಿದೋರನ್ನ ಬಿಡೋಕೂ ಮನಸ್ಸಿಲ್ಲ. ನಾಳೆ ಎಂಟಕ್ಕೆ ಇಲ್ಲಿಗೇ ಬನ್ನಿ. ಅದೇ ಶರ್ಟು ತನ್ನಿ. ಎಡತೋಳು ನನ್ನೆದುರು ಮಾಡಿ ಸಾಕು, ಸಹಿ ಹಾಕ್ತೀನಿ.”

“ಮುಗಿದಿರೋ ತೋಳನ್ನ ಏನು ಮಾಡಿ ತೋರಿಸ್ಲಿ ಮೇಡಂ?”

“ಅದು ನಿಮಗೆ ಬಿಟ್ಟದ್ದು” ಎಂದು ಅವರು ಫೋನು ಇಟ್ಟರು.

ಟೇಬಲ್ಲಿನ ಹತ್ತಿರ ಹೋದೆ. ಒಂದು ಗೆರೆಯೂ ತಪ್ಪದ ತೋಳು, ಇಡೀ ಶರ್ಟಿನಲ್ಲಿ ಅದೇ ಚೆನ್ನಾಗಿ ಬಂದಿತ್ತು. ಅತ್ತೆ “ಬೇಡ ಕಣೇ, ಹೊಟ್ಟೆ ಉರಿಯುತ್ತೆ” ಎಂದು ಮುಖ ತಿರುಗಿಸಿದರು. ಬೆರಳು ಅದ್ದಿ ಎಡತೋಳಿನ ಉದ್ದಕ್ಕೂ ನೀರು ಚಿಮುಕಿಸಿ, ಎರಡೂ ಮುಷ್ಟಿಯಲ್ಲಿ ಹಿಡಿದು ಹಿಂಡಿ ಮುದುಡಿದೆ.