ಎಡ ಹುಬ್ಬಿನ ಗುರುತು

ಅಕ್ಕ ಕೊಡುವ ಅಳತೆಗೆ ನಾನು ಬಟ್ಟೆಯಲ್ಲಿ ಸೊಂಟದ ಮೂಳೆ ಹೊಲಿಯುತ್ತೇನೆ. ಒಳಗೆ ದಪ್ಪ ತಂತಿ, ಅದರ ಮೇಲೆ ಹತ್ತಿ, ಹೊರಗೆ ಕೆನೆಬಣ್ಣದ ಬಟ್ಟೆ. ಮೊದಲ ಸಲ ನೋಡಿದಾಗ ನಮ್ಮ ಮನೆಯವರು, "ಇದೇನೇ, ತಳ ಇಲ್ಲದ ಟೋಪಿ?" ಎಂದು ನಕ್ಕಿದ್ದರು. ಜೊತೆಗೊಂದು ಗೊಂಬೆಯೂ ಇರುತ್ತದೆ. ಹೆರಿಗೆ ವಾರ್ಡಿನಲ್ಲಿ ಬಹಳ ವರ್ಷ ದುಡಿದ ಅಕ್ಕ ಈಗ ನರ್ಸಿಂಗ್ ಶಾಲೆಯಲ್ಲಿ ಪಾಠ ಮಾಡುತ್ತಾಳೆ. ಆ ಗೊಂಬೆಯನ್ನು ಮೂಳೆಯೊಳಗೆ ತೂರಿಸಿ, ಮಗು ಹೇಗೆ ಬರುತ್ತದೆ ಎಂದು ಹುಡುಗಿಯರಿಗೆ ತೋರಿಸುತ್ತಾಳೆ. ಈ ವರ್ಷ ಆ ಹುಡುಗಿಯರಲ್ಲಿ ನನ್ನ ಮಗಳೂ ಒಬ್ಬಳು.

ಮೊದಲ ಮಾದರಿ ಹೊಲಿಯುವಾಗ ಅಕ್ಕ ಮಿಷನ್ನಿನ ಪಕ್ಕ ಕುಳಿತು ನನಗೂ ಪಾಠ ಹೇಳಿದ್ದಳು.

"ನಾವು ಎರಡು ಕಾಲ ಮೇಲೆ ನಡೆಯೋಕೆ ಶುರು ಮಾಡಿದ್ವಲ್ಲ, ಆಗ ಸೊಂಟದ ದಾರಿ ಇಕ್ಕಟ್ಟಾಯ್ತು. ಆಮೇಲೆ ಮಕ್ಕಳ ತಲೆ ದೊಡ್ಡದಾಯ್ತು. ಅದಕ್ಕೇ ಮಗು ಅಡ್ಡಡ್ಡ ನುಗ್ಗಿ, ಒಳಗೇ ತಿರುಗಿ, ಅಮ್ಮನಿಗೆ ಬೆನ್ನು ಹಾಕ್ಕೊಂಡು ಬರುತ್ತೆ. ಕೋತಿ ಮರಿ ಅಮ್ಮನ ಕಡೆ ಮುಖ ಮಾಡ್ಕೊಂಡು ಬರುತ್ತೆ, ಅಮ್ಮನೇ ಎಳ್ಕೊಂಡುಬಿಡುತ್ತೆ. ನಮಗೆ ಹಾಗಾಗಲ್ಲ ನೋಡು, ಇನ್ನೊಬ್ಬಳ ಕೈ ಬೇಕು. ಹೆರುವವಳ ಪಕ್ಕ ಇನ್ನೊಂದು ಹೆಣ್ಣು ಕೂರೋದು ಶುರುವಾಗಿದ್ದೇ ಹೀಗೆ ಅಂತ ಹೇಳ್ತಾರೆ."

ಆ ಮಾತು ನನಗೆ ತುಂಬ ಹಿಡಿಸಿತ್ತು. ನಾನು ಹೆರುವಾಗ ಪಕ್ಕ ಕೂತಿದ್ದವಳು ಅಕ್ಕನೇ ತಾನೆ.

ನನ್ನ ಮಗಳು ಒಳಗೆ ತಿರುಗಲಿಲ್ಲ. ಮುಖ ಮೇಲೆ ಮಾಡಿಕೊಂಡೇ ಸಿಕ್ಕಿಹಾಕಿಕೊಂಡಳು. ಎರಡು ದಿನ ನರಳಿದ ಮೇಲೆ ಡಾಕ್ಟರು ಇಕ್ಕಳ ಹಾಕಿ ತೆಗೆದರು. ಅದಕ್ಕೆ ಸ್ವಲ್ಪ ಮುಂಚೆ ಅಕ್ಕನ ಕೈ ಹಿಸುಕುತ್ತ, "ಈ ಮಗು ನನಗೆ ಬೇಡ, ಸತ್ತರೂ ಪರವಾಗಿಲ್ಲ, ಹೊರಗೆ ತೆಗೀರಿ" ಎಂದು ಕೂಗಿದ್ದೆ. ಮಾರನೇ ದಿನ ನಾನು ಅತ್ತಾಗ ಅಕ್ಕ ನನ್ನ ತಲೆ ಸವರಿ, "ನೋವಿನಲ್ಲಿ ಆಡಿದ ಮಾತು. ಇದು ನನ್ನ ಹೊಟ್ಟೆಯಲ್ಲೇ ಇರುತ್ತೆ" ಎಂದಿದ್ದಳು. ಇಕ್ಕಳದ ಗುರುತು ಮಗುವಿನ ಎಡ ಹುಬ್ಬಿನ ಮೇಲೆ ಉಳಿಯಿತು. ಮಗಳು ಕೇಳಿದಾಗಲೆಲ್ಲ, "ತೊಟ್ಟಿಲಿಂದ ಬಿದ್ದಿದ್ದೆ" ಎಂದು ನಾನು ತೇಲಿಸಿಬಿಡುತ್ತಿದ್ದೆ.

ಮೊನ್ನೆ ಮಧ್ಯಾಹ್ನ ಮಗಳು ಚಪ್ಪಲಿಯನ್ನೂ ಬಿಡದೆ ಒಳಗೆ ಬಂದಳು. ನಾನು ಎರಡನೇ ಗೊಂಬೆಗೆ ಹತ್ತಿ ತುಂಬುತ್ತಿದ್ದೆ.

"ನಾನು ತೊಟ್ಟಿಲಿಂದ ಬಿದ್ದಿರಲಿಲ್ಲ ಅಲ್ವಾಮ್ಮ?"

ನನ್ನ ಕೈ ನಿಂತಿತು.

"ದೊಡ್ಡಮ್ಮ ಇವತ್ತು ತಿರುಗದ ಮಗುವಿನ ಪಾಠ ಮಾಡಿದ್ರು. ಒಬ್ಬಳು ಟೈಲರ್ ಕೂಗಿದ್ದನ್ನ ಹಾಗೇ ಅಣಕ ಮಾಡಿ ತೋರಿಸಿದ್ರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ, ಆ ಮಗುವಿನ ಎಡ ಹುಬ್ಬಿನ ಮೇಲೆ ಗುರುತು ಈಗಲೂ ಇದೆ ಅಂದ್ರು. ಇಡೀ ಕ್ಲಾಸು ನನ್ನ ಕಡೆ ತಿರುಗಿ ನೋಡ್ತು."

ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಹಾಗೆ ಅಂದಿದ್ದು ನಿಜಾನಾ?"

"ನಿಜ."

"ಆಮೇಲೆ ಯಾವಾಗ ಬೇಕು ಅನ್ನಿಸ್ತು?"

ತಕ್ಷಣವೇ ಎನ್ನಬಹುದಿತ್ತು. ಆದರೆ ಹತ್ತೊಂಬತ್ತು ವರ್ಷದ ತೊಟ್ಟಿಲ ಕತೆಯೇ ಸಾಕಾಗಿತ್ತು. "ಮೂರನೇ ದಿನ. ನೀನು ಸೀನಿದೆ. ಇಷ್ಟು ಸಣ್ಣ ಮೂಗಿಂದ ಅಷ್ಟು ದೊಡ್ಡ ಸದ್ದು ಬಂತಲ್ಲ ಅಂತ ನಗು ಬಂತು. ಆವಾಗ."

ಅವಳು ನಗಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಇವತ್ತು ಭಾನುವಾರ. ಮಾದರಿ ಒಯ್ಯಲು ಅಕ್ಕ ಬಂದಳು. ಯಾವಾಗಲೂ ಅವಳ ಚೀಲ ಇಸಿದುಕೊಳ್ಳಲು ಓಡುವ ಮಗಳು ಕೋಣೆಯಿಂದ ಹೊರಗೆ ಬರಲಿಲ್ಲ.

"ಏನೇ ಇದು, ಅಮ್ಮ ಮಗಳು ಇಬ್ಬರೂ ಮುಖ ಊದಿಸ್ಕೊಂಡಿದೀರಾ? ನಾನೇನು ನಿನ್ನ ಹೆಸರು ಹೇಳಿದ್ನಾ?"

"ಅವಳ ಹುಬ್ಬು ಹೇಳ್ತಲ್ಲ ಅಕ್ಕ."

"ಅಯ್ಯೋ, ಮಾತಿನ ಭರದಲ್ಲಿ ಬಂದುಬಿಡ್ತು. ಹುಡುಗೀರು ತೂಕಡಿಸ್ತಿದ್ರು ಕಣೇ. ನಗಿಸಿದ್ರೆ ಪಾಠ ತಲೇಲಿ ಉಳಿಯುತ್ತೆ."

"ಉಳಿಯುತ್ತೆ. ಅವಳ ತಲೇಲಂತೂ ಸಾಯೋವರೆಗೂ ಉಳಿಯುತ್ತೆ."

ಅಕ್ಕ ಹೊಲಿಗೆಗಳನ್ನು ಎಳೆದೆಳೆದು ನೋಡಿದಳು. ಮಾದರಿ ಗಟ್ಟಿಯಾಗಿತ್ತು. ಕೊಟ್ಟುಬಿಟ್ಟೆ, ಕಲಿಯುವ ಹುಡುಗಿಯರದೇನು ತಪ್ಪು? "ಮುಂದಿನದನ್ನ ಬೇರೆ ಯಾರ ಕೈಲಾದ್ರೂ ಹೊಲಿಸ್ಕೋ" ಎಂದೆ. ಅವಳು ನಾನು ಸುಮ್ಮನೆ ಅಂದೆನೇನೋ ಎಂಬಂತೆ ನೋಡಿದಳು. ನಾನು ಬಾಗಿಲವರೆಗೂ ಹೋಗಲಿಲ್ಲ. ಆ ದಿನ ಕೈ ಹಿಡಿಯಲು ಯಾರೂ ಇಲ್ಲದಿದ್ದರೆ ಸತ್ತೇಹೋಗುತ್ತಿದ್ದೆನೋ ಏನೋ. ಆದರೂ ಒಬ್ಬಳೇ ಕೂಗಿಕೊಂಡಿದ್ದರೆ ಚೆನ್ನಾಗಿತ್ತು ಎನ್ನಿಸಿತು.

ಗೇಟು ಮುಚ್ಚಿದ ಸದ್ದು ಕೇಳಿದ ಮೇಲೆ ಮಗಳು ಕೂದಲು ಬಿಚ್ಚಿಕೊಂಡು ಬಂದು ನನ್ನ ಮುಂದಿನ ಸ್ಟೂಲಿನ ಮೇಲೆ ಕುಳಿತಳು. ಎಣ್ಣೆ ಹಚ್ಚಿ ಹಣೆಯಿಂದ ಹಿಂದಕ್ಕೆ ಬಾಚಿಕೊಳ್ಳುವುದು ಅವಳ ರೂಢಿ.

"ಮುಂದೆ ಕತ್ತರಿಸಿಕೊಡಮ್ಮ. ಹುಬ್ಬು ಮುಚ್ಚೋ ಹಾಗೆ."

"ಬೇಡ ಪುಟ್ಟಿ, ಹಾಗೇ ಚೆಂದ."

"ನಾಳೆ ಕ್ಲಾಸಿದೆ."

ಬಟ್ಟೆ ಕತ್ತರಿಯನ್ನೇ ತೆಗೆದುಕೊಂಡೆ. ಅವಳು ಕಣ್ಣು ಮುಚ್ಚಿ ಮುಖವನ್ನು ನನ್ನ ಕಡೆಗೆತ್ತಿ ಕುಳಿತಳು. ಕೂದಲು ಎಳೆಎಳೆಯಾಗಿ ಇಳಿದು, ನಾನು ಹತ್ತೊಂಬತ್ತು ವರ್ಷ ದಿನವೂ ನೋಡಿದ ಗುರುತು ಮರೆಯಾಯಿತು.