ಡ್ರೈವರ್ ಬದಿಯ ಬಾಗಿಲು

ಎಂಟು ವರ್ಷದಿಂದ ಶೆಡ್ಡಿನಲ್ಲಿ ಮೂಲೆ ಹಿಡಿದಿದ್ದ ಲಾರಿಯನ್ನು ಮತ್ತೆ ಹೊಸದರಂತೆ ಮಾಡೋಣ ಎಂದು ತಂಗಿಯ ಮಗಳು ಪುಟ್ಟಿ ಹೇಳಿದಾಗ ಮುದುಕ ಡ್ರೈವರ್ ಹಿಗ್ಗಿ ಹೀರೇಕಾಯಿಯಾಗಿದ್ದ. ಪುಟ್ಟಿ ಹೆಸರಿಗಷ್ಟೇ ಪುಟ್ಟಿ; ವಯಸ್ಸು ನಲವತ್ತು ದಾಟಿತ್ತು. ವಾಹನಗಳ ಸೀಟು ಹೊಲಿಯುವುದರಲ್ಲಿ ಅವಳದು ಎತ್ತಿದ ಕೈ.

"ಒಳಗಿನ ಹೊದಿಕೆಯೆಲ್ಲ ಮೊದಲು ಬಿಚ್ಚಬೇಕು ಮಾವ. ಹಿಂದಿನ ತಗಡು ನೋಡದೆ ಬಣ್ಣ ಹೊಡೆಯೋಕಾಗಲ್ಲ" ಎಂದು ಅವಳು ಅಂದಿದ್ದೇ ತಡ, ಅವನಿಗೆ ಊಟ ಸೇರದಾಯಿತು.

ಕಾರಣ ತನಗೊಬ್ಬನಿಗೇ ಗೊತ್ತು ಎಂದುಕೊಂಡಿದ್ದ. ಇಪ್ಪತ್ತೆರಡು ವರ್ಷದ ಹಿಂದೆ ಸ್ಟೀರಿಂಗ್ ಹಿಡಿದೇ ತೂಕಡಿಸಿ ಸೇತುವೆಯ ಗೋಡೆಗೆ ತನ್ನ ಬದಿಯ ಬಾಗಿಲು ಗುದ್ದಿಸಿದ್ದ. ನಿದ್ದೆಗಣ್ಣಲ್ಲಿ ಗಾಡಿ ಓಡಿಸುವುದಿಲ್ಲ ಎಂದು ಹೆಂಡತಿಗೆ ಮಾತು ಕೊಟ್ಟು ಆಗಿನ್ನೂ ತಿಂಗಳಾಗಿರಲಿಲ್ಲ. ದೂರದ ಗ್ಯಾರೇಜೊಂದರಲ್ಲಿ ತೇಪೆ ಹಾಕಿಸಿ, ಬಣ್ಣ ಬಳಿಸಿ, ನಾಲ್ಕು ದಿನ ತಡವಾಗಿ ಮನೆ ಸೇರಿ, "ಬ್ರೇಕ್ ಕೆಟ್ಟಿತ್ತು" ಎಂದುಬಿಟ್ಟಿದ್ದ. ಹೊರಗೆ ಗುರುತೇ ಇರಲಿಲ್ಲ. ಹೊದಿಕೆಯ ಹಿಂದೆ ಮಾತ್ರ ವೆಲ್ಡಿಂಗಿನ ಕಲೆ ಹಾಗೇ ಉಳಿದಿತ್ತು.

ಭಾನುವಾರ ಬೆಳಿಗ್ಗೆ ಪುಟ್ಟಿ ಬ್ಯಾಟರಿಯ ವೈರು ಕಳಚಿ ಕೆಲಸಕ್ಕೆ ಕೈ ಹಾಕಿದಳು. ಡ್ರೈವರನ ಹೆಂಡತಿ ಸ್ಟೂಲು ಎಳೆದುಕೊಂಡು ಕೂತು, ಬಿಚ್ಚಿದ ಸ್ಕ್ರೂಗಳನ್ನು ರಟ್ಟಿನ ಮೇಲೆ ಬಾಗಿಲಿನ ಚಿತ್ರ ಬರೆದು ಆಯಾ ಜಾಗದಲ್ಲೇ ಚುಚ್ಚಿಡುತ್ತಿದ್ದಳು.

ಮೊದಲು ಕ್ಲೀನರ್ ಬದಿ. ಗಾಜು ಇಳಿಸುವ ಹಿಡಿಕೆಯ ಹಿಂದೆ ಬಟ್ಟೆಯ ಪಟ್ಟಿ ತೂರಿಸಿ ಪುಟ್ಟಿ ಅತ್ತಿತ್ತ ಎಳೆದಳು; ಲಾಳದಂಥ ಸಣ್ಣ ಕ್ಲಿಪ್ಪು ಚಿಮ್ಮಿ ಅತ್ತೆಯ ಮಡಿಲಿಗೇ ಬಿತ್ತು. ಆಮೇಲೆ ಹೊದಿಕೆಯ ಅಂಚಿಗೆ ಚಪ್ಪಟೆ ಮರದ ಚಕ್ಕೆ ಕೊಟ್ಟು ಮೆಲ್ಲಗೆ ಮೀಟತೊಡಗಿದಳು.

"ಸ್ಕ್ರೂಡ್ರೈವರ್ ಹಾಕಿ ಮೀಟಿದ್ರೆ ಬೇಗ ಬರಲ್ವಾ?" ಎಂದ ಡ್ರೈವರ್.

"ಬೇಗ ಬರುತ್ತೆ ಮಾವ. ಎರಡು ತುಂಡಾಗಿ ಬರುತ್ತೆ."

ಅವಳು ಡ್ರೈವರ್ ಬದಿಗೆ ಬಂದಾಗ ಅವನು ಬಾಗಿಲ ಮೇಲೆ ಕೈಯಿಟ್ಟ.

"ಈ ಕಡೇದು ಬಿಡು ಪುಟ್ಟಿ, ಗಟ್ಟಿಯಾಗೇ ಇದೆ."

"ನೀವೇನು ಒಳಗೆ ಹೊಕ್ಕು ನೋಡಿದ್ರಾ?"

ಒಂದೊಂದೇ ಕ್ಲಿಪ್ಪು ಸಡಿಲಿ, ಹೊದಿಕೆ ಇಡಿಯಾಗಿ ಅವಳ ಕೈಗೆ ಬಂತು. ಅಂಗೈಯಗಲದ ತೇಪೆ, ಅದರ ಸುತ್ತ ಗಂಟುಗಂಟಾದ ಬೆಸುಗೆ.

"ಮಾವ, ಇದು ಯಾವಾಗ ಗುದ್ದಿದ್ದು?"

ಯಾವ ಗ್ಯಾರೇಜಿನವನ ತಲೆಗೆ ಕಟ್ಟಲಿ ಎಂದು ಅವನು ಒಂದು ಗಳಿಗೆ ಯೋಚಿಸಿದ. ಆಮೇಲೆ ಹೆಂಡತಿಯ ಕಡೆ ತಿರುಗಿದ.

"ನಾನೇ ಕಣೇ. ತೂಕಡಿಸಿಬಿಟ್ಟಿದ್ದೆ. ಬ್ರೇಕ್ ಕೆಟ್ಟಿತ್ತು ಅಂದಿದ್ದು ಸುಳ್ಳು."

ಅವಳು ಕೈಯಲ್ಲಿದ್ದ ಸ್ಕ್ರೂವನ್ನು ರಟ್ಟಿಗೆ ಚುಚ್ಚಿ, "ಗೊತ್ತು" ಎಂದಳು.

"ಯಾರು ಹೇಳಿದ್ರು?"

"ಬಾಗಿಲೇ ಹೇಳ್ತು. ಮೊದಲು ಧಡ್ ಅಂತ ಹಾಕ್ಕೊಳ್ತಿತ್ತು. ಆಮೇಲೆ ಕಿರ್ ಅಂತ ಎಳೆಯೋಕೆ ಶುರುವಾಯ್ತು. ನನಗೇನು ಕಿವಿ ಇಲ್ವಾ?"

"ಮತ್ತೆ ಒಂದು ಮಾತೂ ಕೇಳಲಿಲ್ಲ!"

"ಕೇಳಿದ್ರೆ ಇನ್ನೊಂದು ಸುಳ್ಳು ಹೇಳ್ತಿದ್ರಿ. ಆವತ್ತಿಂದ ನಿದ್ದೆ ಬಂದ್ರೆ ಗಾಡಿ ಪಕ್ಕಕ್ಕೆ ಹಾಕಿ ಮಲಗಿ, ತಡವಾಗಿ ಬರ್ತಿದ್ರಿ. ತಡವಾದಷ್ಟೂ ನನಗೆ ಸಮಾಧಾನ." ರಟ್ಟನ್ನು ಮಡಿಲಿಗಿಟ್ಟುಕೊಂಡು ಅವಳೆಂದಳು, "ಆದ್ರೂ ಬೇಜಾರಿತ್ತು ರೀ. ಇವತ್ತು ನೀವಾಗೇ ಬಾಯಿಬಿಟ್ರಲ್ಲ, ಹೋಯ್ತು."

ಎದೆಯ ಮೇಲಿನ ಬಂಡೆ ಇಳಿದಂತಾಗಿ ಅವನು ಲಾರಿಯ ಮೆಟ್ಟಿಲ ಮೇಲೇ ಕೂತ. ಇಷ್ಟು ಹಗುರಾಗುವುದಿದ್ದರೆ ಎಂದೋ ಹೇಳಿಬಿಡಬಹುದಿತ್ತಲ್ಲ ಎನ್ನಿಸಿ ನಗು ಬಂತು. ನಗುವಿನ ಜೊತೆಗೆ ಕಣ್ಣೂ ಒದ್ದೆಯಾಯಿತು.

ಪುಟ್ಟಿಗೆ ಇದ್ಯಾವುದರ ಪರಿವೆಯೂ ಇದ್ದಂತಿರಲಿಲ್ಲ. ಮರದ ಚಕ್ಕೆಯಿಂದ ತೇಪೆಯನ್ನು ತಟ್ಟಿ, ಕಿವಿಯಿಟ್ಟು ಕೇಳಿ, "ಯಾರು ಮಾಡಿದ್ರೋ, ನೋಡೋಕೆ ಚೆನ್ನಾಗಿಲ್ಲ, ಆದ್ರೆ ಕಲ್ಲಿನ ಹಾಗಿದೆ. ಬಾಗಿಲು ಬದಲಾಯಿಸೋದೇ ಬೇಡ" ಎಂದಳು.

"ಅತ್ತೆ, ಹೊಸ ರಟ್ಟು ತಗೊಳ್ಳಿ. ಮಾವ, ಮೇಲೆ ಬನ್ನಿ, ಚಾವಣಿ ಬಟ್ಟೆ ಇಳಿಸಬೇಕು, ಒಂದು ತುದಿ ಹಿಡ್ಕೊಳ್ಳಿ."

ಅವನು ಕಣ್ಣೊರೆಸಿಕೊಂಡು, ಅಂಗಿಯ ತೋಳು ಮಡಚಿ, ಹತ್ತಿದ.